ತೆಂಗಿನ ಸೀಮೆಯಲ್ಲಿ ಎಳೆಯ ಮಕ್ಕಳ ಊಟ: ಮನೆಯ ಅಡುಗೆಯಲ್ಲೇ ಕೂಸಿನ ಪಾಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಮಕ್ಕಳ ಆಹಾರಕ್ಕೆ ಕೊರತೆಯಿದೆ ಎಂದರೆ ಮೇಲ್ನೋಟಕ್ಕೆ ಯಾರೂ ನಂಬಲಾರರು. ಅಟ್ಟದ ತುಂಬ ಕಾಯಿ, ಚೀಲಗಳಲ್ಲಿ ರಾಗಿ, ಡಬ್ಬಗಳಲ್ಲಿ ಹೆಸರು, ಅಲಸಂದೆ, ಹುರುಳಿ, ಹಿತ್ತಲಲ್ಲಿ ನುಗ್ಗೆ, ಕೊಟ್ಟಿಗೆಯಲ್ಲಿ ಹಸು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆಯಿದೆ. ಇದು ಇಡೀ ರಾಜ್ಯದ ಲೆಕ್ಕ. ಈ ಮಕ್ಕಳೆಲ್ಲರೂ ಇಲ್ಲದವರ ಮನೆಯವರೇ ಅಲ್ಲ ಎಂಬುದನ್ನು ಗಮನಿಸಬೇಕು.

ಮಗುವಿನ ಬೆಳವಣಿಗೆ ಕುಂಠಿತವಾಗುವುದು ಹೆಚ್ಚಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ, ಅಂದರೆ ಎದೆಹಾಲಿನ ಜೊತೆಗೆ ಅನ್ನ ಮುಟ್ಟಿಸಿ ಮನೆಯವರೆಲ್ಲರ ಊಟಕ್ಕೆ ಒಗ್ಗಿಸುವ ಕಾಲದಲ್ಲಿ. ತೋಟದ ಮನೆಯ ಗೃಹಿಣಿಗೆ ಈ ಕಾಲದಲ್ಲಿ ಬಿಡುವೇ ಇರುವುದಿಲ್ಲ. ಬೆಳಗಾದರೆ ಹಾಲು ಕರೆಯುವುದು, ಕೊಟ್ಟಿಗೆ ಬಳಿಯುವುದು, ಕಾಯಿ ಸುಲಿಯುವವರಿಗೆ ಊಟ ಸಾಗಿಸುವುದು. ಹಿರಿಯ ಮಗುವಿಗೆ ಎರಡೂವರೆ ವರ್ಷ, ಕಿರಿಯದಕ್ಕೆ ಏಳು ತಿಂಗಳು ಎಂದರೆ ಮನೆಯಲ್ಲಿ ಮೂರು ಬಗೆಯ ಅಡುಗೆ ಆಗಬೇಕೆಂದು ಆಕೆ ತಿಳಿಯುತ್ತಾಳೆ. ಅದು ಆಗದ ಮಾತು. ಆದ್ದರಿಂದ ಕೂಸಿಗೆ ನೀರು ಗಂಜಿ, ಹಿರಿಯದಕ್ಕೆ ಬಿಸ್ಕತ್ತಿನ ಪೊಟ್ಟಣ, ದೊಡ್ಡವರಿಗೆ ಮುದ್ದೆ ಸಾರು ಎಂಬ ಏರ್ಪಾಡು ತಾನಾಗಿಯೇ ಬಂದುಬಿಡುತ್ತದೆ. ಅಟ್ಟದ ಮೇಲಿನ ಕಾಯಿ 8ರಿಂದ 12 ತಿಂಗಳಲ್ಲಿ ತನ್ನಷ್ಟಕ್ಕೆ ತಾನೇ ಉಂಡೆ ಕೊಬ್ಬರಿಯಾಗುತ್ತದೆ. ತೊಟ್ಟಿಲಿನ ಕೂಸಿನ ವಿಷಯ ಹಾಗಲ್ಲ.

ವಾಸ್ತವವಾಗಿ ಬೇರೆ ಅಡುಗೆಯ ಅಗತ್ಯವೇ ಇಲ್ಲ. ಮನೆಯವರಿಗಾಗಿ ಬೇಯುವ ಪಾತ್ರೆಯಿಂದಲೇ ಖಾರ, ಹುಳಿ, ಉಪ್ಪು ಬೀಳುವ ಮೊದಲು ಮಕ್ಕಳ ಪಾಲನ್ನು ತೆಗೆದಿಟ್ಟರೆ ಸಾಕು.

ಆರು ತಿಂಗಳು ತುಂಬಿದ ಮೇಲೆ

ಹುಟ್ಟಿದಾಗಿನಿಂದ ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಆರು ತಿಂಗಳು ತುಂಬಿದ ಮೇಲೆ ಎದೆಹಾಲು ಮುಂದುವರಿಯಬೇಕು, ಆದರೆ ಅದೊಂದೇ ಸಾಲದು. ತಾಯಿಯ ಹೊಟ್ಟೆಯಲ್ಲಿದ್ದಾಗ ಕೂಸು ಕೂಡಿಟ್ಟುಕೊಂಡು ಬಂದ ಕಬ್ಬಿಣಾಂಶ ಈ ಹೊತ್ತಿಗೆ ಮುಗಿಯುತ್ತ ಬಂದಿರುತ್ತದೆ. 6ರಿಂದ 8 ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಸುಮಾರು 200 ಕ್ಯಾಲೊರಿ, 9ರಿಂದ 11 ತಿಂಗಳಲ್ಲಿ ಸುಮಾರು 300, ವರ್ಷ ತುಂಬಿದ ಮೇಲೆ ಸುಮಾರು 550 ಕ್ಯಾಲೊರಿ ಮೇಲಾಹಾರದಿಂದ ದೊರೆಯಬೇಕು. ಎರಡು ವರ್ಷದವರೆಗೂ, ಅದಕ್ಕಿಂತ ಮುಂದೆಯೂ, ಎದೆಹಾಲು ಕೊಡಬಹುದು.

“ಇನ್ನೂ ಹಲ್ಲೇ ಬಂದಿಲ್ಲ, ಮುದ್ದೆ ಹೇಗೆ ತಿಂದೀತು?” ಎಂದು ಅಜ್ಜಿಯರು ಕೇಳುವುದುಂಟು. ನುಣ್ಣಗೆ ಕಿವುಚಿದ ಆಹಾರಕ್ಕೆ ಹಲ್ಲು ಬೇಕಿಲ್ಲ, ವಸಡೇ ಸಾಕು. ಮೊದಲಿಗೆ ದಿನಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿ ಎರಡು ಮೂರು ದೊಡ್ಡ ಚಮಚದಷ್ಟು ಕೊಟ್ಟು, ಎಂಟು ತಿಂಗಳ ಹೊತ್ತಿಗೆ ಅರ್ಧ ಬಟ್ಟಲಿಗೆ ತರಬೇಕು. ಇಲ್ಲಿ ಬಟ್ಟಲು ಎಂದರೆ ಕಾಲು ಲೀಟರ್ ಹಿಡಿಯುವ ಬಟ್ಟಲು. ಒಂಬತ್ತು ತಿಂಗಳ ನಂತರ ದಿನಕ್ಕೆ ಮೂರು ನಾಲ್ಕು ಬಾರಿ, ಸ್ವಲ್ಪ ತರಿತರಿಯಾಗಿ ಕೊಡಬೇಕು. ವರ್ಷ ತುಂಬಿದ ಮಗು ಮುಕ್ಕಾಲರಿಂದ ಒಂದು ಬಟ್ಟಲು ತಿನ್ನಬಲ್ಲದು. ನಡುವೆ ಒಂದೆರಡು ಬಾರಿ ಬಾಳೆಹಣ್ಣೋ ಪರಂಗಿಹಣ್ಣೋ ಇದ್ದರೆ ಒಳ್ಳೆಯದು.

ಒಂದು ವರ್ಷದವರೆಗೆ ಮಗುವಿನ ಪಾಲಿಗೆ ಉಪ್ಪು, ಸಕ್ಕರೆ, ಬೆಲ್ಲ ಸೇರಿಸಬೇಕಿಲ್ಲ. ಸಪ್ಪೆಯೆಂಬುದು ದೊಡ್ಡವರ ನಾಲಿಗೆಯ ದೂರು, ಕೂಸಿಗೆ ಅದು ಗೊತ್ತಿಲ್ಲ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನಾಲಿಗೆಗೆ ನೆಕ್ಕಿಸಲೂ ಕೂಡದು. ಅದರಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಗೂಸಿನ ಕರುಳಿನಲ್ಲಿ ವಿಷವನ್ನು ಉಂಟುಮಾಡುತ್ತದೆ.

ಕಟ್ಟು ಕೂಸಿಗೆ, ಕಾಳು ಪಲ್ಯಕ್ಕೆ?

ಈ ಭಾಗದ ಮನೆಗಳಲ್ಲಿ ವಾರಕ್ಕೆ ಎರಡು ಮೂರು ಬಾರಿಯಾದರೂ ಬಸ್ಸಾರು ಆಗುತ್ತದೆ. ಕಾಳನ್ನೂ ಸೊಪ್ಪನ್ನೂ ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು ಮಾಡುವುದು, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿ ಪಲ್ಯ ಮಾಡುವುದು. ಒಂದೇ ಕುದಿಯಲ್ಲಿ ಎರಡು ವ್ಯಂಜನ ಒದಗಿಸುವ ಜಾಣ ಅಡುಗೆಯಿದು. ಆದರೆ ಕೂಸಿನ ಪಾಲು ಹಂಚುವಾಗ ಮಾತ್ರ ಎಡವಟ್ಟಾಗುತ್ತದೆ. ಕಟ್ಟು ತಿಳಿಯಾಗಿದೆ, ಬೇಗ ಜೀರ್ಣವಾಗುತ್ತದೆ, ಕಾಳಿನ ಸತ್ತ್ವವೆಲ್ಲ ಅದರಲ್ಲಿ ಇಳಿದಿದೆ ಎಂದು ತಿಳಿದು ಕಟ್ಟನ್ನು ಕೂಸಿಗೆ ಕುಡಿಸುತ್ತಾರೆ. ಅನ್ನದ ಗಂಜಿಯ ತಿಳಿ, ಬೇಳೆಯ ತಿಳಿನೀರು ಎಲ್ಲದರ ಕಥೆಯೂ ಇದೇ. ಕಟ್ಟಿನಲ್ಲಿ ಒಂದಿಷ್ಟು ಲವಣ, ನೀರಿನಲ್ಲಿ ಕರಗುವ ಕೆಲವು ಜೀವಸತ್ವಗಳು ಇರುತ್ತವೆ, ನಿಜ. ಸಸಾರಜನಕವೂ ಪಿಷ್ಟವೂ ಬಹುಪಾಲು ಕಾಳಿನಲ್ಲೇ ಉಳಿದಿರುತ್ತವೆ.

ಇನ್ನೊಂದು ಲೆಕ್ಕವನ್ನೂ ನೋಡಬೇಕು. ಎಳೆಯ ಮಗುವಿನ ಹೊಟ್ಟೆ ಒಂದು ಬಾರಿಗೆ ಹಿಡಿಯುವುದು ಅದರ ತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 30 ಮಿಲಿಲೀಟರ್ ಮಾತ್ರ. 8 ಕಿಲೋ ತೂಗುವ ಕೂಸಿನ ಹೊಟ್ಟೆಯಲ್ಲಿ ಒಂದು ಬಟ್ಟಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಆ ಒಂದು ಬಟ್ಟಲಿನ ಜಾಗವನ್ನು ಒಂದು ಚಮಚ ರಾಗಿಹಿಟ್ಟು ಕದಡಿದ ನೀರುಗಂಜಿಯಿಂದ ತುಂಬಿದರೆ ಅದಕ್ಕೆ ದೊರೆಯುವುದು ಸುಮಾರು 30 ಕ್ಯಾಲೊರಿ. ಹೊಟ್ಟೆ ತುಂಬಿದ ಕೂಸು ಅಳುವುದನ್ನು ನಿಲ್ಲಿಸುತ್ತದೆ, ಮನೆಯವರು ಸಮಾಧಾನಗೊಳ್ಳುತ್ತಾರೆ. ಮಗು ಉಂಡೂ ಉಪವಾಸವಿರುತ್ತದೆ.

ಆದ್ದರಿಂದ ಬಸಿದ ಮೇಲೆ ಪಾತ್ರೆಯಲ್ಲಿ ಉಳಿದ ಕಾಳು ಸೊಪ್ಪಿನಲ್ಲಿ ಎರಡು ಮೂರು ದೊಡ್ಡ ಚಮಚದಷ್ಟನ್ನು ಒಗ್ಗರಣೆಗೆ ಮೊದಲೇ ತೆಗೆದಿಟ್ಟುಕೊಳ್ಳಬೇಕು. ಹೆಸರು ಬೇಗ ಬೇಯುತ್ತದೆ, ಬೆರಳಿನಿಂದಲೇ ಕಿವುಚಬಹುದು. ಅಲಸಂದೆ, ಹುರುಳಿಯನ್ನು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಸಿಪ್ಪೆ ಉಳಿಯದಂತೆ ಜರಡಿಯ ಮೇಲೆ ಚಮಚದಿಂದ ಒತ್ತಿ ಇಳಿಸಬೇಕು. ಮಾಗಿಯಲ್ಲಿ ಅವರೆ ಬಂದಾಗ ಹಿದುಕಿದ ಬೇಳೆ ಇದಕ್ಕೆ ಬಲು ಅನುಕೂಲ. ದೊಡ್ಡವರು ರುಚಿಗಾಗಿ ಕುಳಿತು ಹಿದುಕುವ ಅವರೆ, ಸಿಪ್ಪೆ ಹೋದದ್ದರಿಂದ, ಕೂಸಿಗೂ ಸರಿಹೋಗುತ್ತದೆ. ಕಿವುಚಿದ ಕಾಳು ತೀರ ಗಟ್ಟಿಯಾದರೆ ಸಡಿಲಿಸಲು ಆ ಕಟ್ಟನ್ನೇ ಬಳಸಬಹುದು; ಕಟ್ಟಿಗೆ ತಕ್ಕ ಕೆಲಸ ಅದು. ಚಮಚವನ್ನು ಓರೆ ಮಾಡಿದರೆ ಆಹಾರ ಥಟ್ಟನೆ ಸುರಿಯದೆ ಅಂಟಿಕೊಂಡು ನಿಧಾನವಾಗಿ ಜಾರುವಷ್ಟು ಗಟ್ಟಿಯಿರಬೇಕು.

ಮುದ್ದೆಯೇ ಸಿದ್ಧ ಆಹಾರ

ಪೇಟೆಯಲ್ಲಿ ಡಬ್ಬದಲ್ಲಿ ಬರುವ ಶಿಶು ಆಹಾರವೆಂದರೆ ಹೆಚ್ಚಾಗಿ ಬೇಯಿಸಿ ಒಣಗಿಸಿದ ಧಾನ್ಯದ ಹಿಟ್ಟು. ರಾಗಿ ಮುದ್ದೆಯೂ ಚೆನ್ನಾಗಿ ಬೆಂದ ಧಾನ್ಯದ ಹಿಟ್ಟೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿರುವುದು ಸುಮಾರು 10 ಮಿಲಿಗ್ರಾಂ ಅಷ್ಟೇ. ಮುದ್ದೆ ಕಟ್ಟುವಾಗ ನಿಂಬೆಹಣ್ಣಿನ ಗಾತ್ರದ ಒಂದು ತುಂಡನ್ನು ಬೇರೆ ಇಟ್ಟು, ಬಿಸಿಯಿರುವಾಗಲೇ ಕಿವುಚಿದ ಹೆಸರುಬೇಳೆಯಲ್ಲಿ ಗಂಟಿಲ್ಲದಂತೆ ಮಿದಿದು, ನುಣ್ಣಗೆ ರುಬ್ಬಿದ ಕಾಯಿ ಬೆರೆಸಿದರೆ ಏಳು ತಿಂಗಳ ಕೂಸಿನ ಊಟ ಸಿದ್ಧವಾಯಿತು. ಇದಕ್ಕೆ ಐದು ನಿಮಿಷವೂ ಬೇಡ. ಮುದ್ದೆಯಲ್ಲಿ ಹಸಿಹಿಟ್ಟಿನ ಗಂಟು ಇಲ್ಲದಂತೆ ಮಾತ್ರ ಎಚ್ಚರ ವಹಿಸಬೇಕು.

ಅಳತೆ ಬೇಕೆನ್ನುವವರಿಗೆ: ರಾಗಿಹಿಟ್ಟು 25 ಗ್ರಾಂ (ಸುಮಾರು ಮೂರು ದೊಡ್ಡ ಚಮಚ), ಹೆಸರುಬೇಳೆ 12 ಗ್ರಾಂ (ಒಂದು ದೊಡ್ಡ ಚಮಚ), ಹಸಿ ಕಾಯಿತುರಿ 10 ಗ್ರಾಂ (ಎರಡು ದೊಡ್ಡ ಚಮಚ). ಇಷ್ಟರಿಂದ ಸುಮಾರು 165 ಕ್ಯಾಲೊರಿ, 5 ಗ್ರಾಂ ಸಸಾರಜನಕ, ರಾಗಿಯೊಂದರಿಂದಲೇ ಸುಮಾರು 90 ಮಿಲಿಗ್ರಾಂ ಸುಣ್ಣದ ಅಂಶ ಸಿಗುತ್ತವೆ. ಏಳು ತಿಂಗಳ ಕೂಸಿಗೆ ಇದನ್ನು ಎರಡು ಹೊತ್ತಿಗೆ ಹಂಚಬಹುದು. ಪ್ರತಿ ಹೊತ್ತಿಗೂ ಹೊಸದಾಗಿ ಕಲಸಬೇಕು. ನೀರುಗಂಜಿಯ 30 ಕ್ಯಾಲೊರಿಯೊಡನೆ ಇದನ್ನು ಹೋಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಹಿರಿಯ ಮಗುವಿಗೆ ಅದೇ ಮುದ್ದೆ, ಅದೇ ಕಾಳು, ಮೇಲೆ ದೊಡ್ಡವರ ಸಾರನ್ನು ಸ್ವಲ್ಪ ತೆಳುಮಾಡಿ ಹಾಕಿದರಾಯಿತು. ಬೆಳಗಿನ ತಿಂಡಿಗೆ ಉಪ್ಪಿಟ್ಟು ಮಾಡುವ ದಿನ, ಬೆಂದ ತರಕಾರಿಯ ಜೊತೆ ಒಂದು ಸೌಟು ರವೆಯನ್ನು ಮೆಣಸಿನಕಾಯಿಯ ಒಗ್ಗರಣೆಯಿಲ್ಲದೆ ಬೇರೆ ಬೇಯಿಸಿಕೊಳ್ಳಬೇಕು. ಇಡ್ಲಿಯ ದಿನ ತೊಂದರೆಯೇ ಇಲ್ಲ. ಹಿಟ್ಟಿಗೆ ಉಪ್ಪು ಹಾಕುವ ಮೊದಲು ಒಂದು ಗುಳಿಯಷ್ಟನ್ನು ತೆಗೆದಿಟ್ಟರೆ ಮುಗಿಯಿತು. ಮೊಟ್ಟೆ ತಿನ್ನುವ ಮನೆಗಳಲ್ಲಿ ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಆರು ತಿಂಗಳ ನಂತರ ಕಿವುಚಿ ಕೊಡಬಹುದು, ಬಿಳಿಯ ಭಾಗವನ್ನು ಬಿಡಬೇಕಾಗಿಲ್ಲ. ಮಾಂಸ ಮಾಡಿದ ದಿನ ದೊಡ್ಡವರು ತುಂಡು ತಿಂದು ಮಗುವಿಗೆ ರಸ ಮಾತ್ರ ಕುಡಿಸುವುದು ಬಸ್ಸಾರಿನ ಕಟ್ಟಿನಂಥದೇ ತಪ್ಪು. ಈರುಳ್ಳಿ ಕರಿದಷ್ಟೇ ಸಲೀಸಾಗಿ ಮೆತ್ತನೆಯ ಒಂದೆರಡು ತುಂಡನ್ನು ಅರೆದು ಕೊಡಬಹುದು. ತಿನ್ನದ ಮನೆಗಳಲ್ಲಿ ಕಾಳು, ಸೊಪ್ಪು, ಮೊಸರಿನ ಪಾಲು ಹೆಚ್ಚಬೇಕು, ಕಾಳಿನ ಊಟಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಬೇಕು. ಹುಳಿ ಹಣ್ಣಿನಲ್ಲಿರುವ ಜೀವಸತ್ವ ‘ಸಿ’ ಕಾಳು ಸೊಪ್ಪುಗಳ ಕಬ್ಬಿಣಾಂಶ ಮೈಗೂಡಲು ನೆರವಾಗುತ್ತದೆ. ಚಹಾ, ಕಾಫಿ ಅದಕ್ಕೆ ಅಡ್ಡಿಮಾಡುತ್ತವೆ. ಮಕ್ಕಳಿಗೆ ಅವು ಬೇಡವೇ ಬೇಡ.

ಇಷ್ಟಾದರೂ ಕಬ್ಬಿಣಾಂಶ ಊಟವೊಂದರಿಂದಲೇ ತುಂಬಿ ಬರುವುದು ಕಷ್ಟ. 2018ರಲ್ಲಿ ಆರಂಭವಾದ ‘ರಕ್ತಹೀನತೆ ಮುಕ್ತ ಭಾರತ’ ಕಾರ್ಯಕ್ರಮದಂತೆ 6 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್ ಕಬ್ಬಿಣದ ಸಿರಪ್ಪನ್ನು ನಿಗದಿಪಡಿಸಲಾಗಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆದು, ತಪ್ಪದೆ ಹಾಕಬೇಕು.

ತೆಂಗು: ಎಷ್ಟು, ಹೇಗೆ?

ಹಸಿ ತೆಂಗಿನಕಾಯಿಯ 100 ಗ್ರಾಂ ತಿರುಳಿನಲ್ಲಿ ಸುಮಾರು 40 ಗ್ರಾಂ ಜಿಡ್ಡು ಇದೆ. ಒಣ ಕೊಬ್ಬರಿಯಲ್ಲಿ 60 ಗ್ರಾಂಗೂ ಹೆಚ್ಚು. ಪುಟ್ಟ ಹೊಟ್ಟೆಗೆ ಕಡಿಮೆ ಗಾತ್ರದಲ್ಲಿ ಹೆಚ್ಚು ಶಕ್ತಿ ಒದಗಿಸಲು ಇದು ತಕ್ಕ ಪದಾರ್ಥ. ಆದರೆ ಹಸಿ ಕಾಯಿಯ ಸಸಾರಜನಕ ನೂರಕ್ಕೆ 4-5 ಗ್ರಾಂ ಮಾತ್ರ, ಹೆಸರುಬೇಳೆಯದು 24. ಕಾಯಿ ಧಾರಾಳವಾಗಿ ಹಾಕಿದ್ದೇವೆ ಎಂದು ಕಾಳನ್ನು ಕಡಿಮೆ ಮಾಡುವಂತಿಲ್ಲ. ಒತ್ತುಶ್ಯಾವಿಗೆ, ಕಾಯಿಹಾಲು ಮಾಡುವ ಹಬ್ಬದ ದಿನವೂ ಮಕ್ಕಳ ಬಟ್ಟಲಿಗೆ ಒಂದು ಚಮಚ ಬೆಂದ ಬೇಳೆ ಬೀಳಲಿ.

ಎಳನೀರಿನ ಬಗ್ಗೆ ಈ ಸೀಮೆಯಲ್ಲಿ ಅತಿಯಾದ ನಂಬಿಕೆಯಿದೆ. ಅದು ಒಳ್ಳೆಯ ಪಾನೀಯವೇ ಹೊರತು ಊಟವಲ್ಲ, ಎದೆಹಾಲಿಗೆ ಬದಲಿಯೂ ಅಲ್ಲ. ಊಟದ ಹೊತ್ತಿನಲ್ಲಿ ಕುಡಿಸಿದರೆ ಕೂಸಿನ ಹೊಟ್ಟೆಯ ಜಾಗವಷ್ಟೇ ಹೋಗುತ್ತದೆ.

ಒಳ್ಳೆಯ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ, ಒಡೆದದ್ದು, ಕೌಟಾದದ್ದು, ಬೂಷ್ಟು ಹಿಡಿದದ್ದು ಮನೆಯ ಖರ್ಚಿಗೆ ಉಳಿಯುತ್ತದೆ. ಬೂಷ್ಟನ್ನು ಕೆರೆದು ಉಳಿದದ್ದನ್ನು ಚಟ್ನಿಪುಡಿಗೆ ಬಳಸುವ ರೂಢಿ ಕೆಲವೆಡೆ ಇದೆ. ಬೂಷ್ಟು ಹಿಡಿದ ಕೊಬ್ಬರಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿರಬಹುದು. ಅದು ಯಕೃತ್ತಿಗೆ ಹಾನಿಕರ, ಕೆರೆದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಅಂಥದನ್ನು ಯಾರೂ ತಿನ್ನಬಾರದು, ಮಕ್ಕಳಿಗಂತೂ ಕೊಡಲೇಬಾರದು.

ಇದಕ್ಕಿಂತ ತುರ್ತಿನ ಎಚ್ಚರಿಕೆ ಮತ್ತೊಂದಿದೆ. ಅಳುವ ಮಗುವಿನ ಕೈಗೆ ಕೊಬ್ಬರಿ ಗಿಟುಕಿನ ಚೂರು ಕೊಟ್ಟು ಕೂರಿಸುವುದು ತೋಟದ ಮನೆಗಳಲ್ಲಿ ಸಾಮಾನ್ಯ. ಎರಡು ವರ್ಷದ ಮಗುವಿಗೆ ಮುಂದಿನ ಹಲ್ಲಿನಿಂದ ಕಚ್ಚಲು ಬರುತ್ತದೆ, ದವಡೆಯಿಂದ ಅಗಿಯಲು ಸರಿಯಾಗಿ ಬರುವುದಿಲ್ಲ. ಕಚ್ಚಿದ ಚೂರು ಉಸಿರಿನ ಕೊಳವೆಗೆ ಇಳಿದರೆ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯ. ಕೊಬ್ಬರಿ ಚೂರು, ಕಡಲೆಕಾಯಿ ಬೀಜ, ಹುರಿಗಾಳು, ಅಂಗಳದಲ್ಲಿ ಬಿದ್ದ ಅಡಿಕೆ, ಇಡೀ ದ್ರಾಕ್ಷಿ, ಇವು ಯಾವುವೂ ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಾರದು. ಕಿರಿಯದರ ಬಾಯಿಗೆ ಇಂಥವನ್ನು ಪ್ರೀತಿಯಿಂದ ಇಡುವುದು ಹೆಚ್ಚಾಗಿ ಹಿರಿಯ ಮಗುವೇ ಎಂಬುದನ್ನು ಮರೆಯಬಾರದು. ಕೊಬ್ಬರಿಯನ್ನು ತುರಿದು, ಕಡಲೆಕಾಯಿಯನ್ನು ಹುರಿದು ನುಣ್ಣಗೆ ಪುಡಿಮಾಡಿ ಊಟದಲ್ಲಿ ಬೆರೆಸಬಹುದು. ವರ್ಷದೊಳಗಿನ ಕೂಸಿಗೆ ಗಂಟಲು ಕಟ್ಟಿ ಅಳಲೂ ಕೆಮ್ಮಲೂ ಆಗದಿದ್ದರೆ, ತಲೆ ಕೆಳಗಾಗುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಎರಡು ಹೆಗಲುಗಳ ನಡುವೆ ಅಂಗೈಯಿಂದ ಐದು ಬಾರಿ ಬಲವಾಗಿ ತಟ್ಟಬೇಕು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಬಾರಿ ಒತ್ತಬೇಕು. ಕಾಣದ ಚೂರಿಗಾಗಿ ಗಂಟಲಲ್ಲಿ ಬೆರಳು ಆಡಿಸಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಈ ನಡುವೆಯೇ ಮತ್ತೊಬ್ಬರು ಆಸ್ಪತ್ರೆಗೆ ಹೋಗಲು ವಾಹನ ಕರೆಸಬೇಕು.

ಮೊಳಕೆ ರಾಗಿಯ ಹಿಟ್ಟು

ತಾಯಿ ತೋಟಕ್ಕೆ ಹೋದಾಗ ಕೂಸು ಅಜ್ಜಿಯ ಬಳಿ ಉಳಿಯುವ ಮನೆಗಳಲ್ಲಿ ಮೊಳಕೆ ಹಿಟ್ಟು ಇರಬೇಕು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳಕೆ ರಾಗಿ ಮತ್ತು ಹೆಸರಿನಿಂದ ಶಿಶು ಆಹಾರವನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಇದರ ಮರ್ಮ ಸರಳವಾದದ್ದು. ಸಾಮಾನ್ಯ ಹಿಟ್ಟಿನ ಗಂಜಿ ಬೆಂದಂತೆ ಗಟ್ಟಿಯಾಗುತ್ತದೆ, ಆಗ ನೀರು ಸುರಿಯಬೇಕಾಗುತ್ತದೆ. ಮೊಳಕೆ ಬಂದ ರಾಗಿಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಿರುವುದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಸಡಿಲವಾಗಿಯೇ ಇರುತ್ತದೆ.

ರಾಗಿಯನ್ನು ತೊಳೆದು, ಕಲ್ಲು ಗಾಳಿಸಿ, ರಾತ್ರಿಯೆಲ್ಲ ನೆನೆಹಾಕಬೇಕು. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಣಗದಂತೆ ನೀರು ಚಿಮುಕಿಸುತ್ತ ಒಂದೆರಡು ದಿನ ಇಟ್ಟರೆ ಮೊಳಕೆ ಬರುತ್ತದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ ಕೇರಬೇಕು. ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಸಾಕು, ಘಮ್ಮೆನ್ನಲಿ ಎಂದು ಕೆಂಪಗೆ ಹುರಿದರೆ ಕಿಣ್ವ ಸತ್ತು ಪಟ್ಟ ಶ್ರಮವೆಲ್ಲ ವ್ಯರ್ಥ. ಹೆಸರನ್ನೂ ಹೀಗೆಯೇ ಒಂದು ದಿನ ಮೊಳಕೆ ಕಟ್ಟಿ, ಒಣಗಿಸಿ, ಸಿಪ್ಪೆ ತೆಗೆದು, ಏಳು ಪಾಲು ರಾಗಿಗೆ ಮೂರು ಪಾಲು ಹೆಸರಿನಂತೆ ಸೇರಿಸಿ ಬೀಸಿ ಜರಡಿ ಹಿಡಿಯಬೇಕು. ಗಾಳಿಯಾಡದ ಡಬ್ಬದಲ್ಲಿ ಹಾಕಿಟ್ಟು ಒಂದು ತಿಂಗಳೊಳಗೆ ಬಳಸುವುದು ಲೇಸು. ಈ ಹಿಟ್ಟನ್ನು ನೀರಿನಲ್ಲಿ ಕದಡಿ ತಿರುವುತ್ತ ನಿಧಾನವಾಗಿ ಕಾಯಿಸಿ, ಕೊನೆಗೆ ಚೆನ್ನಾಗಿ ಕುದಿಸಬೇಕು. ಮೊಳಕೆ ಕಾಳಿನಲ್ಲಿ ರೋಗಾಣುಗಳು ಇರಬಹುದಾದ್ದರಿಂದ ಹಸಿಯಾಗಿ ಕೊಡಕೂಡದು. ಮನೆಯ ಗಂಜಿ ತೀರ ಗಟ್ಟಿಯಾದಾಗ ಅದು ಸ್ವಲ್ಪ ಆರಿದ ಮೇಲೆ ಒಂದು ಚಮಚ ಮೊಳಕೆ ಹಿಟ್ಟು ಕಲಸಿ ಕೆಲವು ನಿಮಿಷ ಬಿಟ್ಟರೂ ಸಡಿಲವಾಗುತ್ತದೆ. ಆಮೇಲೆ ಮತ್ತೊಮ್ಮೆ ಕುದಿಸಬೇಕು.

ಹಿರಿಯ ಮಗುವಿನ ಬಟ್ಟಲು

ಮನೆಗೆ ಎರಡನೆಯ ಕೂಸು ಬಂದಾಗ ಎಲ್ಲರ ಕಣ್ಣೂ ತೊಟ್ಟಿಲಿನ ಕಡೆಗೆ ತಿರುಗುತ್ತದೆ. ಹಿಂದಿನ ಮಗು ಎದೆಹಾಲನ್ನೂ ಮಡಿಲನ್ನೂ ಒಟ್ಟಿಗೆ ಕಳೆದುಕೊಳ್ಳುತ್ತದೆ. ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಕೆಲಸ ಮಾಡುತ್ತಿದ್ದ ಡಾಕ್ಟರ್ ಸಿಸಿಲಿ ವಿಲಿಯಮ್ಸ್ ಮಕ್ಕಳ ಮೈ ಊದಿ ಚರ್ಮ ಸುಲಿಯುವ ಒಂದು ಅಪೌಷ್ಟಿಕತೆಯ ರೋಗವನ್ನು 1933ರಲ್ಲಿ ವರ್ಣಿಸಿದರು. 1935ರಲ್ಲಿ ಅದಕ್ಕೆ ಅಲ್ಲಿನ ಜನರ ಮಾತಿನ ‘ಕ್ವಾಷಿಯೋರ್ಕರ್’ ಎಂಬ ಹೆಸರನ್ನೇ ಬಳಸಿದರು. ಮತ್ತೊಂದು ಕೂಸು ಹುಟ್ಟಿದಾಗ ಹಿಂದಿನ ಮಗುವಿಗೆ ತಗಲುವ ಕಾಯಿಲೆ ಎಂಬುದು ಅದರ ಅರ್ಥ. ನಮ್ಮಲ್ಲಿ ಹೀಗೆ ಸೊರಗಿದ ಮಗುವಿಗೆ ದೃಷ್ಟಿ ತಾಗಿದೆ, ಬಾಲಗ್ರಹವಿದೆ ಎಂದು ತಾಯಿತ ಕಟ್ಟಿಸುವವರಿದ್ದಾರೆ. ತಾಯಿತ ಕಟ್ಟಿದರೂ ಸರಿಯೆ, ಮೊದಲು ಅಂಗನವಾಡಿಯಲ್ಲಿ ತೂಕ ಮಾಡಿಸಿ ನೋಡಬೇಕು.

ಇಬ್ಬರು ಮಕ್ಕಳನ್ನೂ ದೊಡ್ಡವರ ಪಂಕ್ತಿಯಲ್ಲೇ ಕೂರಿಸುವುದು ಒಳ್ಳೆಯದು. ಹಿರಿಯದು ತಿನ್ನುವುದನ್ನು ನೋಡಿ ಕಿರಿಯದು ಬಾಯಿ ತೆರೆಯುತ್ತದೆ. ಕಿರಿಯದಕ್ಕೆ ಸಿಕ್ಕದ್ದು ತನಗೂ ಬೇಕೆಂದು ಹಿರಿಯದು ಹಟ ಮಾಡದೆ ಉಣ್ಣುತ್ತದೆ. ಆದರೆ ಒಂದೇ ತಟ್ಟೆಯಲ್ಲಿ ಇಬ್ಬರಿಗೂ ಕಲಸಿ ತಿನ್ನಿಸಬಾರದು. ಯಾರು ಎಷ್ಟು ತಿಂದರೆಂಬುದೇ ತಿಳಿಯುವುದಿಲ್ಲ, ಬೇಗ ನುಂಗುವ ಮಗುವಿಗೆ ಹೆಚ್ಚು ಹೋಗುತ್ತದೆ. ಬೇರೆ ಬೇರೆ ಬಟ್ಟಲು ಇರಲಿ. ಬಾಯಿ ತಿರುಗಿಸಿದ ಮಗುವಿಗೆ ಮೂಗು ಹಿಡಿದು ತುರುಕುವುದು ಬೇಡ, ಮೊಬೈಲ್ ತೋರಿಸಿ ಮೈಮರೆಸುವುದೂ ಬೇಡ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಟ್ಟರೆ ತಿನ್ನುತ್ತದೆ. ಒಮ್ಮೆ ಉಗುಳಿದ ನುಗ್ಗೆಸೊಪ್ಪನ್ನು ಮಗು ಎಂಟು ಹತ್ತನೆಯ ಬಾರಿ ಒಪ್ಪಿಕೊಳ್ಳುವುದುಂಟು.

ಊಟಕ್ಕೆ ಮೊದಲು ತಿನ್ನಿಸುವವರ ಕೈ, ಮಕ್ಕಳ ಕೈ ಎರಡನ್ನೂ ಸೋಪಿನಿಂದ ತೊಳೆಯಬೇಕು. ಬೆಳಿಗ್ಗೆ ಕಲಸಿಟ್ಟ ಆಹಾರವನ್ನು ಮಧ್ಯಾಹ್ನ ಕೊಡಬಾರದು, ಎರಡು ಗಂಟೆಯೊಳಗೆ ಖರ್ಚಾಗಬೇಕು. ಅಜ್ಜಿಯ ಬಳಿ ಬಿಡುವಾಗ ಕಲಸಿದ ಆಹಾರದ ಬದಲು ಮೊಳಕೆ ಹಿಟ್ಟಿನ ಡಬ್ಬ, ಒಂದು ಬಾಳೆಹಣ್ಣು ಇಟ್ಟು ಹೋಗುವುದು ಕ್ಷೇಮ.

ಭೇದಿಯಾದಾಗ ಊಟ ನಿಲ್ಲಿಸಿ ಕರುಳಿಗೆ ವಿಶ್ರಾಂತಿ ಕೊಡುವ ಹಳೆಯ ಪದ್ಧತಿ ಸರಿಯಲ್ಲ. ಎದೆಹಾಲು, ಮೆತ್ತನೆಯ ಊಟ ಎರಡೂ ಮುಂದುವರಿಯಬೇಕು. ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟು ನೀರಿನಲ್ಲಿ ಕರಗಿಸಿ ಆಗಾಗ್ಗೆ ಕುಡಿಸಬೇಕು, ಆಸ್ಪತ್ರೆಯಲ್ಲಿ ಕೊಡುವ ಸತುವಿನ ಮಾತ್ರೆಯನ್ನು 14 ದಿನ ಪೂರ್ತಿ ಹಾಕಬೇಕು. ಎಳನೀರಿನಲ್ಲಿ ಸೋಡಿಯಂ ಕಡಿಮೆಯಿರುವುದರಿಂದ ಅದು ಓ.ಆರ್.ಎಸ್.ಗೆ ಬದಲಿಯಾಗಲಾರದು. ವಾಸಿಯಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಕೊಟ್ಟರೆ ಇಳಿದ ತೂಕ ಮರಳುತ್ತದೆ.

ಪೂರ್ವ ಮುಂಗಾರಿನಲ್ಲಿ ಬಿತ್ತಿದ ಹೆಸರು ಕೈಗೆ ಬಂದ ಕೂಡಲೆ ಪೂರ್ತಿ ಮಾರಿಬಿಡದೆ ಮಕ್ಕಳಿಬ್ಬರ ಪಾಲನ್ನು ಮೊದಲು ಎತ್ತಿಡಬೇಕು. ದಿನಕ್ಕೆ 30 ಗ್ರಾಂ ಒಂದು ಮಗುವಿಗೆ ಎಂದರೆ ಇಬ್ಬರಿಗೆ ವರ್ಷಕ್ಕೆ 22 ಕಿಲೋ. ಚೆನ್ನಾಗಿ ಒಣಗಿಸಿ ಡಬ್ಬಕ್ಕೆ ತುಂಬಿದರೆ ಮುಂದಿನ ಬೆಳೆ ಬರುವವರೆಗೆ ಸಾಕಾಗುತ್ತದೆ. ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ, ಎರಡು ಪರಂಗಿ ಗಿಡ ನೆಟ್ಟುಕೊಳ್ಳಬಹುದು. ಈ ಬಗ್ಗೆ ಹೆಚ್ಚಿನ ವಿವರ ಬೇಕಾದವರು ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಊರಿನ ಅಂಗನವಾಡಿ ಕಾರ್ಯಕರ್ತೆಯನ್ನಾಗಲಿ ವಿಚಾರಿಸಬಹುದು.